ದೂರಿಲ್ಲದ ಬೀದಿ

ಸನ್ಮಾನದ ಸುದ್ದಿ ಬಂದಾಗ ದೊರೆ ಎದೆಮಟ್ಟದ ಕೊಳಚೆಯಲ್ಲಿ ನಿಂತಿದ್ದ. ಮೇಲೆ, ಗುಂಡಿಯ ಅಂಚಿನಲ್ಲಿ, ಮೇಸ್ತ್ರಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಕೂಗಿದ.

"ಲೋ ದೊರೆ, ಶನಿವಾರ ಕಚೇರಿಗೆ ಬಾ. ನಿಮ್ಮ ಬೀದಿಗೆ ಪ್ರಶಸ್ತಿ ಬಂದಿದೆ. ಸ್ನಾನ ಮಾಡ್ಕೊಂಡು ಬಾ."

ದೊರೆ ತಲೆಯಾಡಿಸಿದ. ಬಾಯಿ ತೆರೆಯುವಂತಿರಲಿಲ್ಲ. ಅಲ್ಲಿ ಬಾಯಿ ತೆರೆದರೆ ಒಳಗೆ ಹೋಗುವುದು ಗಾಳಿಯೊಂದೇ ಅಲ್ಲ. ಕೆಳಗಿನಿಂದ ನೋಡಿದಾಗ ಮೇಸ್ತ್ರಿಯ ಮುಖ ಕಾಣುತ್ತಿರಲಿಲ್ಲ, ಚಪ್ಪಲಿ ಕಾಣುತ್ತಿತ್ತು. ಊರಿನ ದೊಡ್ಡವರನ್ನೆಲ್ಲ ದೊರೆ ಚಪ್ಪಲಿಯಿಂದಲೇ ಗುರುತು ಹಿಡಿಯುತ್ತಿದ್ದ.

ದೊರೆ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಕೆಲಸ ಮುಗಿಸಿ ಮೈ ತೊಳೆದು, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಬೀದಿಯ ಈ ತುದಿಯಿಂದ ಆ ತುದಿಗೆ ಸುಮ್ಮಸುಮ್ಮನೆ ಓಡಾಡುತ್ತಾನೆಂದು ಬೀದಿಯವರು ಕೊಟ್ಟ ಬಿರುದು. ಅವನಿಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. "ಹಗಲೆಲ್ಲ ನೆಲದ ಕೆಳಗೆ ಆಳ್ತೀನಿ. ಸಂಜೆ ಒಂದಿಷ್ಟು ಮೇಲೂ ಆಳಬಾರದಾ?" ಎಂದು ತನ್ನನ್ನು ತಾನೇ ಆಡಿಕೊಳ್ಳುತ್ತಿದ್ದ. ಬೇರೆಯವರು ಶುರುಮಾಡುವ ಮೊದಲು ತಾನೇ ಆಡಿಕೊಂಡುಬಿಟ್ಟರೆ ಅವರಿಗೆ ಉಳಿಯುವುದು ಕಡಿಮೆ ಎಂಬ ಲೆಕ್ಕ ಅವನದು.

ಕೆಲಸ ಅಂದರೆ ಇಷ್ಟು. ಮುಚ್ಚಳ ಎತ್ತಬೇಕು. ಬಿದಿರಿನ ದಬ್ಬೆ ತೂರಿಸಿ ಕುಟ್ಟಬೇಕು. ದಬ್ಬೆಗೆ ಬಗ್ಗದಿದ್ದರೆ ಮನುಷ್ಯ ಇಳಿಯಬೇಕು. ಸೊಂಟಕ್ಕೆ ಹಗ್ಗ, ಮೈಮೇಲೊಂದು ಚಡ್ಡಿ. ಕಾಲಲ್ಲಿ ತಡಕಿ, ಮುಳುಗಿ, ಕೈಯಿಂದ ಹೂಳು ಬಾಚಿ ಬಕೆಟ್ಟಿಗೆ ತುಂಬಬೇಕು. ಕೂದಲಿನ ಉಂಡೆ, ಬಟ್ಟೆ ಚೂರು, ಗಾಜು, ಬ್ಲೇಡು ಎಲ್ಲವೂ ಕೈಗೇ ಸಿಗುತ್ತವೆ. ಉಗುರಿನ ಸಂದಿಯ ವಾಸನೆ ಊಟದ ತಟ್ಟೆಯವರೆಗೂ ಬರುತ್ತದೆ. ಅದಕ್ಕೇ ದೊರೆ ಚಮಚದಲ್ಲಿ ಉಣ್ಣುತ್ತಾನೆ. ಅದಕ್ಕೂ ಬೀದಿಯವರು ನಗುತ್ತಾರೆ. ದೊರೆಯಲ್ಲವೇ!

ಊರು ಇಳಿಜಾರಿನ ಮೇಲಿದೆ. ಮೇಲೆ ಹೊಸ ಬಡಾವಣೆ, ನಡುವೆ ಅಂಗಡಿ, ಕಚೇರಿ, ಶಾಲೆ. ಎಲ್ಲಕ್ಕಿಂತ ಕೆಳಗೆ ದೊರೆಯ ಬೀದಿ. ಊರು ತೊಳೆದದ್ದು, ಉಗುಳಿದ್ದು, ಹೇತದ್ದು ಎಲ್ಲವೂ ಒಂದೇ ದೊಡ್ಡ ಕೊಳವೆಯಲ್ಲಿ ಅವರ ಮನೆಗಳ ಮುಂದೆಯೇ ಹಾದುಹೋಗಬೇಕು. ಬೀದಿಯ ಗಂಡಸರೆಲ್ಲ ಒಳಚರಂಡಿ ಕೆಲಸದವರು. ಹೆಂಗಸರು ರಸ್ತೆ ಗುಡಿಸುವವರು. ಇವರಲ್ಲಿ ಯಾರಾದರೂ ಬೇರೆ ಕಡೆ ಬಾಡಿಗೆ ಮನೆ ಕೇಳಲು ಹೋದರೆ, ಬೆಳಿಗ್ಗೆ ಖಾಲಿಯಿದ್ದ ಮನೆ ಆ ಗಳಿಗೆಯಲ್ಲೇ ಇನ್ಯಾರಿಗೋ ಹೋಗಿಬಿಟ್ಟಿರುತ್ತದೆ.

ಪ್ರಶಸ್ತಿಯ ವಿಷಯ ಕೇಳಿ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ನಮ್ಮ ಬೀದಿಗಾ? ಯಾಕಂತೆ?"

"ಎಲ್ಲಕ್ಕಿಂತ ಚೆನ್ನಾಗಿದೆಯಂತೆ."

"ಯಾರು ಬಂದು ನೋಡಿದ್ರು?"

"ಕಂಪ್ಯೂಟರ್ ನೋಡ್ತಂತೆ."

"ಅದಕ್ಕೆ ಮೂಗಿಲ್ವಲ್ಲ, ಪಾಪ," ಎಂದಳು.

ಮೂಲೆಯಲ್ಲಿ ಅತ್ತಿಗೆ ಬಟ್ಟೆ ಮಡಿಸುತ್ತಿದ್ದಳು. ದೊರೆಯ ಅಣ್ಣನ ಹೆಂಡತಿ. ಹೋದ ಮಳೆಗಾಲದಲ್ಲಿ ಅಣ್ಣ ಇದೇ ಬೀದಿಯ ಗುಂಡಿಗೆ ಇಳಿದು ಉಸಿರುಕಟ್ಟಿ ಸತ್ತ. ಅಂದಿನಿಂದ ಪಕ್ಕದ ಮನೆಗೆ ಬೀಗ ಹಾಕಿ ಇವರ ಜೊತೆಗೇ ಇದ್ದಾಳೆ. ಮಾತು ಕಡಿಮೆಯಾಗಿದೆ. ಬಟ್ಟೆಯಿಂದ ಕಣ್ಣೆತ್ತದೆ ಹೇಳಿದಳು: "ಪ್ರಶಸ್ತಿ ಕೊಟ್ಟಾಗ ಆ ಗಾಡಿ ಕೇಳಪ್ಪಾ."

ಗಾಡಿ ಅಂದರೆ ಸಕ್ಕಿಂಗ್ ಗಾಡಿ. ಊರಿಗೆ ಹೊಸದಾಗಿ ಒಂದೇ ಒಂದು ಬಂದಿತ್ತು. ಅದರ ದಪ್ಪ ಪೈಪನ್ನು ಗುಂಡಿಗೆ ಬಿಟ್ಟರೆ ಹೂಳನ್ನೆಲ್ಲ ತಾನೇ ಹೀರಿಕೊಳ್ಳುತ್ತದೆ. ಮನುಷ್ಯ ಇಳಿಯಬೇಕಾಗಿಲ್ಲ. ಅದು ಕೆಳಗಿನ ಬೀದಿಯಲ್ಲಿ ನಿಂತರೆ ಇನ್ನೊಂದು ಮನೆಗೆ ಬೀಗ ಬೀಳುವುದಿಲ್ಲ. ಬೀದಿಗೆ ಇದ್ದದ್ದು ಅದೊಂದೇ ಆಸೆ.

"ಕೇಳ್ತೀನಿ ಅತ್ತಿಗೆ," ಎಂದ ದೊರೆ. "ಪ್ರಶಸ್ತಿ ಕೊಡೋರು ಗಾಡಿ ಕೊಡಲ್ವಾ?"

ಶನಿವಾರ ಅವನು ಮೈ ಉಜ್ಜಿ ಉಜ್ಜಿ ಸೋಪನ್ನು ಚಕ್ಕೆ ಮಾಡಿದ. ಹೆಂಡತಿಯ ಪೌಡರನ್ನೂ ಕದ್ದು ಬಳಿದುಕೊಂಡ. ಬಿಳಿ ಅಂಗಿ ತೊಟ್ಟು ಕಚೇರಿಯ ಸಭಾಂಗಣಕ್ಕೆ ಹೋದರೆ ಮೊದಲ ಸಾಲಿನ ಕೊನೆಯಲ್ಲಿ ಅವನಿಗೊಂದು ಕುರ್ಚಿ. ಅದರ ಮೇಲೆ ಮಾತ್ರ ಪ್ಲಾಸ್ಟಿಕ್ ಹಾಳೆ ಹಾಸಿದ್ದರು. ಉಳಿದ ಯಾವ ಕುರ್ಚಿಗೂ ಹಾಸು ಇರಲಿಲ್ಲ. ಸನ್ಮಾನಿತರಿಗೆ ಹೀಗೆ ವಿಶೇಷವಾಗಿ ಹಾಸುತ್ತಾರೆ ಎಂದು ತಿಳಿದು ದೊರೆ ಎದೆ ಉಬ್ಬಿಸಿ ಕೂತ. ಪಕ್ಕದ ಕುರ್ಚಿಯವರು ಎದ್ದು ಹಿಂದಿನ ಸಾಲಿಗೆ ಹೋದರು. ತನಗೆ ಜಾಗ ಬಿಟ್ಟುಕೊಟ್ಟರು ಎಂದುಕೊಂಡ. ಅಲುಗಾಡಿದಾಗಲೆಲ್ಲ ಹಾಳೆ ಚರಪರ ಅನ್ನುತ್ತಿತ್ತು. ಆಗ ಎಲ್ಲರೂ ತಿರುಗಿ ನೋಡುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಹಾಳೆ ಹಾಸಿದ್ದು ತನಗಾಗಿ ಅಲ್ಲ, ಕುರ್ಚಿಗಾಗಿ ಎಂದು ಅವನಿಗೆ ಹೊಳೆಯಿತು. ಹೊಳೆದ ಮೇಲೆ ಅಲುಗಾಡದೆ ಕೂತ. ಸೊಂಟ ಹಿಡಿದುಕೊಂಡಿತು.

ವೇದಿಕೆಯ ಮೇಲೆ ಒಬ್ಬ ಹುಡುಗಿ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದಳು. ಓದಿದ ನಾಲ್ಕಾರು ಜನ ರಜೆಯ ದಿನ ಸೇರಿ ಊರಿಗೆ ಪುಕ್ಕಟೆಯಾಗಿ ಡೇಟಾ ಕೆಲಸ ಮಾಡಿಕೊಡುತ್ತಿದ್ದರಂತೆ. ಅವರಲ್ಲಿ ಇವಳೊಬ್ಬಳು. ಎಲ್ಲರೂ ಡೇಟಾ ಮೇಡಂ ಅನ್ನುತ್ತಿದ್ದರು. ಗೋಡೆಯ ಮೇಲೆ ಊರಿನ ನಕ್ಷೆ ಬೆಳಕಾಯಿತು. ತುಂಬ ಕೆಂಪು ಚುಕ್ಕೆ.

"ಗಾಡಿ ಒಂದೇ ಇದೆ," ಎಂದಳು. "ಹಿಂದೆಲ್ಲ ಇಂಥದ್ದು ಬಂದ್ರೆ ಯಾರ ಬಾಯಿ ಜೋರೋ ಅವರ ಮನೆ ಮುಂದೆ ನಿಲ್ತಿತ್ತು. ಇನ್ಮೇಲೆ ಹಾಗಿಲ್ಲ. ಚರಂಡಿ ಕಟ್ಟಿಕೊಂಡಿದೆ ಅಂತ ಜನ ಫೋನ್ ಮಾಡಿದ ದೂರನ್ನೆಲ್ಲ ಸೇರಿಸಿ ನೋಡಿದ್ದೀವಿ. ಒಂದು ದೂರಿಗೆ ಒಂದು ಚುಕ್ಕೆ. ಚುಕ್ಕೆ ಎಲ್ಲಿ ಹೆಚ್ಚೋ ಗಾಡಿ ಅಲ್ಲಿಗೆ."

ದನಿಯಲ್ಲಿ ಕಪಟವಿರಲಿಲ್ಲ. ನಿಜವಾಗಿ ನಂಬಿದವರ ದನಿ. ದೊರೆಗೆ ಅವಳು ಹಿಡಿಸಿದಳು.

ಮೇಲಿನ ಬಡಾವಣೆಗೆ ದಡಾರ ಎದ್ದಂತೆ ಮೈತುಂಬ ಕೆಂಪು. ಅಲ್ಲಿನ ಜನ ಬಚ್ಚಲಲ್ಲಿ ಎರಡು ಕೂದಲು ಸಿಕ್ಕಿಕೊಂಡರೂ ಫೋನ್ ಎತ್ತುವವರು. ಅಂಗಡಿ ಬೀದಿಯಲ್ಲಿ ಸಾಕಷ್ಟು ಚುಕ್ಕೆ. ನಕ್ಷೆ ತೋರಿಸುತ್ತಿದ್ದ ಅವಳ ಕೋಲು ಇಳಿದು ಇಳಿದು ಕೆಳಗಿನ ಬೀದಿಗೆ ಬಂತು. ಅಲ್ಲಿ ಬೆಳ್ಳಗೆ, ಒಗೆದು ಹರಡಿದ ಪಂಚೆಯ ಹಾಗೆ.

"ಇಲ್ಲಿ ನೋಡಿ. ಒಂದೇ ಒಂದು ದೂರಿಲ್ಲ. ಊರಿಗೇ ಮಾದರಿ."

ಸಭೆ ಚಪ್ಪಾಳೆ ತಟ್ಟಿತು. ಅಧಿಕಾರಿಯೊಬ್ಬರು ಎದ್ದು ಬೀದಿಯನ್ನು ಹೊಗಳಿ ಅಟ್ಟಕ್ಕೇರಿಸಿದರು. ಕೆಳಗಿನವರಿಂದ ಎಲ್ಲರೂ ಕಲಿಯಬೇಕು ಎಂದರು. ಆಮೇಲೆ ಗಾಡಿಯನ್ನು ಮೇಲಿನ ಬಡಾವಣೆಯಲ್ಲಿ ಕಾಯಂ ಆಗಿ ನಿಲ್ಲಿಸಲಾಗುವುದು ಎಂದು ಘೋಷಿಸಿದರು. ದೊರೆ ಅದಕ್ಕೂ ಚಪ್ಪಾಳೆ ತಟ್ಟಿದ. ಅರ್ಥ ತಲೆಗೆ ಹತ್ತುವ ಮೊದಲೇ ಕೈ ತಟ್ಟಿಬಿಟ್ಟಿತ್ತು. ಹೇಳಿದ ಕೂಡಲೇ ಮಾಡಿ ಅಭ್ಯಾಸವಾದ ಕೈ ಅದು.

ಪ್ರಶಸ್ತಿ ಫಲಕವನ್ನು ಅಧಿಕಾರಿ ಅವನ ಕೈಗೆ ಕೊಡಲಿಲ್ಲ. ಮೇಜಿನ ಮೇಲಿಟ್ಟು, "ತಗೋ" ಎಂದು ಬೆರಳು ತೋರಿಸಿದರು. ದೊರೆ ಎತ್ತಿಕೊಂಡು ನಮಸ್ಕಾರ ಮಾಡಿದ. ಗಾಡಿ ಕೇಳಬೇಕೆಂದುಕೊಂಡ. ಬಾಯಿ ತೆರೆದ. "ಥ್ಯಾಂಕ್ಸ್ ಸಾರ್" ಎಂಬುದು ಹೊರಬಂತು.

ಸಭೆ ಮುಗಿದು ಜನ ಚದುರಿದರು. ಡೇಟಾ ಮೇಡಂ ವೈರು ಸುತ್ತುತ್ತಿದ್ದಳು. ದೊರೆ ದೂರದಲ್ಲಿ ನಿಂತು ಕೆಮ್ಮಿದ. ಅವಳು ನಕ್ಕು, "ಬನ್ನಿ ಅಣ್ಣಾ, ಹತ್ರ ಬನ್ನಿ. ನಿಮ್ಮ ಬೀದಿ ನೋಡ್ತೀರಾ?" ಎಂದು ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು. ಬೀದಿ ದೊಡ್ಡದಾಯಿತು. ಮನೆಗಳು ಬೆಂಕಿಪೊಟ್ಟಣದಂತೆ ಕಂಡವು. ತನ್ನ ಮನೆ ಸಿಕ್ಕಾಗ ದೊರೆ ಮಗುವಿನ ಹಾಗೆ ಖುಷಿಪಟ್ಟ. ಅದರ ಪಕ್ಕದ್ದು ಅಣ್ಣನ ಮನೆ. ಅದರ ಮುಂದೆ ಗುಂಡಿ.

"ಮೇಡಂ, ದೂರಿಗೆ ಕೆಂಪು. ಸತ್ತವರಿಗೆ ಯಾವ ಬಣ್ಣ?"

"ಕೆಲಸದಲ್ಲಿ ಅಪಘಾತ ಆಗಿದ್ರೆ ಕಪ್ಪು. ಯಾಕೆ?"

"ಇಲ್ಲಿ ನಮ್ಮಣ್ಣ ಸತ್ತ. ಕಪ್ಪು ಕಾಣ್ತಿಲ್ಲ."

ಅವಳು ಹುಡುಕಿದಳು. ಮತ್ತೆ ಹುಡುಕಿದಳು. ಅಪಘಾತ ಬರೆಯಬೇಕಾದರೆ ಕೆಲಸದ ಆದೇಶ ಇರಬೇಕು, ಆದೇಶಕ್ಕೆ ಮೊದಲು ದೂರಿನ ನಂಬರು ಇರಬೇಕು. ಆ ಗುಂಡಿಗೆ ಯಾವುದೂ ಇರಲಿಲ್ಲ.

ದೊರೆ ಹೇಳಿದ. ಅವತ್ತು ರಜೆಯ ದಿನ. ಮಳೆ. ಊರಿನ ಕೊಳಚೆಯೆಲ್ಲ ಉಕ್ಕಿ ಮನೆಯೊಳಗೆ ಬರುತ್ತಿತ್ತು. ಹಾಸಿಗೆಯೆಲ್ಲ ನೆಂದಿತ್ತು. ಅಣ್ಣ ಹಗ್ಗ ಕಟ್ಟಿಕೊಂಡು ಇಳಿದ. ಗುಂಡಿಯೊಳಗೆ ಗಾಳಿ ಕೆಟ್ಟಿತ್ತು. ಹಗ್ಗ ಎಳೆದಾಗ ಅಣ್ಣ ಬಂದ, ಉಸಿರು ಬರಲಿಲ್ಲ. ಪರಿಹಾರ ಕೇಳಲು ಅತ್ತಿಗೆ ಕಚೇರಿಗೆ ಹೋದರೆ, ನಿನ್ನ ಗಂಡ ಕೆಲಸದ ಮೇಲೆ ಇರಲಿಲ್ಲ, ಅವನ ಪಾಡಿಗೆ ಅವನು ಇಳಿದ, ಇಳಿಯೋಕೆ ಯಾರು ಹೇಳಿದ್ದು ಅಂದರು.

"ಆವಾಗ ದೂರು ಯಾಕೆ ಕೊಡಲಿಲ್ಲ ಅಣ್ಣಾ?"

ದೊರೆಗೆ ನಗು ಬಂತು. "ದೂರು ಕೊಟ್ರೆ ಏನಾಗುತ್ತೆ ಮೇಡಂ? ಕಚೇರಿಯವರು ಮೇಸ್ತ್ರಿಗೆ ಫೋನ್ ಮಾಡ್ತಾರೆ. ಮೇಸ್ತ್ರಿ ನಮ್ಮಣ್ಣಂಗೆ ಫೋನ್ ಮಾಡ್ತಾನೆ. ಅಣ್ಣ ಪಕ್ಕದ ಮನೇಲೇ ಇದ್ದ. ಸುಮ್ನೆ ಫೋನಿಗೆ ಖರ್ಚು."

ಅವಳು ನಗಲಿಲ್ಲ. ಬೆಳ್ಳಗಿದ್ದ ಬೀದಿಯನ್ನೇ ನೋಡುತ್ತ ಕೂತಳು.

"ಬಿಳಿ ಅಂದ್ರೆ ತೊಂದರೆ ಇಲ್ಲ ಅಂತ ಓದಿಬಿಟ್ಟೆ," ಎಂದಳು.

"ನೀವೊಬ್ಬರೇನಾ? ನಾನೂ ಹಂಗೇ ಓದಿದೆ. ಚಪ್ಪಾಳೆ ಬೇರೆ ಹೊಡೆದೆ."

"ಅಣ್ಣಾ, ಇನ್ಮೇಲೆ ಕಟ್ಟಿಕೊಂಡಾಗೆಲ್ಲ ದೂರು ಕೊಡಿ. ಎಲ್ಲ ಮನೆಯಿಂದಲೂ ಕೊಡಿ. ನೀವೇ ತೆಗೆದುಬಿಟ್ರೆ ಅದು ಯಾರಿಗೂ ಕಾಣಲ್ಲ."

"ದೂರು ಕೊಟ್ಟು?"

"ಸುಮ್ಮನಿರಿ. ಕೈ ಹಾಕಬೇಡಿ."

ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸ ಎಂದು ದೊರೆಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಆ ಕೆಲಸಕ್ಕೆ ಅವತ್ತೇ ರಾಜೀನಾಮೆ ಕೊಡುತ್ತಿದ್ದ.

ಬೀದಿಯವರು ಮೊದಲು ಅವನನ್ನೇ ಗೇಲಿ ಮಾಡಿದರು. ಗಾಡಿ ತರಲು ಹೋದವನು ಫಲಕ ತಂದ ಎಂದರು. ಹೆಂಡತಿ ಫಲಕವನ್ನು ತಿರುವಿ ನೋಡಿ, ನೀರಿನ ಕೊಡದ ಬಾಯಿಗೆ ಮುಚ್ಚಿದಳು. ಸರಿಯಾಗಿ ಕೂತಿತು. ಅತ್ತಿಗೆ ಮಾತ್ರ ಎಲ್ಲ ಕೇಳಿಸಿಕೊಂಡು, "ಅಂದ್ರೆ ಅವನು ಎಲ್ಲೂ ಇಲ್ಲ," ಎಂದಳು.

ದೂರು ಕೊಡುವುದು ಇವರಿಗೆ ಬರುತ್ತಿರಲಿಲ್ಲ. ಕೂಗಿಸಿಕೊಂಡು ಗೊತ್ತು, ಕೂಗಿ ಗೊತ್ತಿಲ್ಲ. ಅಭ್ಯಾಸಕ್ಕೆಂದು ನಲ್ಲಿಯ ಹತ್ತಿರ ಸೇರಿದರು. ನಿವೃತ್ತನಾದ ಮುದುಕನೊಬ್ಬ ಫೋನ್ ಹಿಡಿದು ಶುರುಮಾಡಿದ: "ಸ್ವಾಮಿ, ತಪ್ಪು ತಿಳಿಯಬೇಡಿ, ಬಿಡುವಿದ್ದರೆ ಮಾತ್ರ..." ದೊರೆಯ ಹೆಂಡತಿ ಫೋನ್ ಕಿತ್ತುಕೊಂಡಳು. "ತಾತಾ, ನೀನು ದೂರು ಕೊಡ್ತಿದ್ದೀಯೋ ಸಾಲ ಕೇಳ್ತಿದ್ದೀಯೋ? ಮೇಲಿನ ಬಡಾವಣೆ ಅಮ್ಮನವರು ಹೆಂಗೆ ಮಾತಾಡ್ತಾರೆ ಅಂತ ನಾನು ದಿನಾ ಗುಡಿಸುವಾಗ ಕೇಳ್ತೀನಿ. 'ಏನ್ರೀ, ನಿಮಗೆ ಹೇಳೋರು ಕೇಳೋರು ಯಾರೂ ಇಲ್ವಾ?' ಹಂಗೆ ಶುರು ಮಾಡಬೇಕು." ಬೀದಿ ಬಿದ್ದು ಬಿದ್ದು ನಕ್ಕಿತು. ಹೆಂಗಸರು ಒಬ್ಬೊಬ್ಬರಾಗಿ ಹೇಳಿ ನೋಡಿದರು. ಹೇಳುತ್ತ ಹೇಳುತ್ತ ನಗು ನಿಂತಿತು. ಆ ಮಾತು ಬಾಯಿಗೆ ಹೊಸದಾಗಿತ್ತು, ರುಚಿಯಾಗಿತ್ತು.

ಕೊಳವೆ ಕಟ್ಟಿಕೊಳ್ಳಲು ಹೆಚ್ಚು ದಿನ ಬೇಕಾಗಲಿಲ್ಲ. ಅಣ್ಣನ ಮನೆಯ ಮುಂದಿನ ಗುಂಡಿಯೇ ಮೊದಲು ಉಕ್ಕಿತು. ಎಲ್ಲ ಮನೆಯವರೂ ಫೋನ್ ಮಾಡಿದರು. ಆ ಕಡೆಯ ಹುಡುಗಿ ತಬ್ಬಿಬ್ಬಾದಳು. "ನಿಮ್ಮ ಬೀದೀಲಿ ಕೆಲಸದವರು ಯಾರೂ ಇಲ್ವಾ?" ಎಂದು ಕೇಳಿದಳು. "ಎಲ್ಲಾ ಕೆಲಸದವರೇ ಕಣಮ್ಮ, ಅದೇ ತೊಂದರೆ," ಎಂದಳು ದೊರೆಯ ಹೆಂಡತಿ.

ಕೊಳಚೆ ಹೊಸ್ತಿಲು ದಾಟಿತು. ಒಲೆಯನ್ನು ಮಂಚದ ಮೇಲಿಟ್ಟು ಅಡುಗೆ ಮಾಡಿದರು. ಮಕ್ಕಳನ್ನು ಕಂಕುಳಲ್ಲಿ ಹೊತ್ತು ತಿರುಗಿದರು. ಮೇಲಿನ ಬಡಾವಣೆಯವರ ಹೊಟ್ಟೆಯಿಂದ ಬಂದದ್ದು ಇವರ ಅನ್ನದ ಪಾತ್ರೆಯ ಪಕ್ಕ ತೇಲುತ್ತಿತ್ತು. ದೊರೆಯ ಕೈ ತುರಿಸುತ್ತಿತ್ತು. ಒಂದು ದಬ್ಬೆ, ಒಂದು ಕುಟ್ಟು, ಎಲ್ಲ ಸರಾಗ ಹರಿದುಹೋಗುತ್ತದೆ. ಅದು ಅವನಿಗೆ ಗೊತ್ತು. ಗೊತ್ತಿರುವುದೇ ಹಿಂಸೆ. ಒಂದು ಬೆಳಿಗ್ಗೆ ತಡೆಯಲಾರದೆ ದಬ್ಬೆ ಹಿಡಿದು ಬೆಕ್ಕಿನಂತೆ ಹೊರಟ. ಬಾಗಿಲಲ್ಲೇ ಹೆಂಡತಿ.

"ಎಲ್ಲಿಗೆ ಸವಾರಿ?"

"ಸುಮ್ನೆ. ಗಾಳಿಗೆ."

"ದಬ್ಬೆ ಹಿಡ್ಕೊಂಡಾ?"

ದೊರೆ ದಬ್ಬೆಯನ್ನು ಗೋಡೆಗೊರಗಿಸಿದ. "ಕುಡುಕರಿಗೆ ಹೆಂಡ ಬಿಡೋದು ಇದಕ್ಕಿಂತ ಸುಲಭ ಕಣೇ," ಎಂದ. ಹೆಂಡತಿ ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿತು. "ಮಗ ಅದೇ ನೀರಲ್ಲಿ ಕಾಲಿಟ್ಟು ಮೈಯೆಲ್ಲ ಗುಳ್ಳೆ ಎದ್ದಿದೆ. ನನಗೇನು ಆಸೆಯಾ? ಆದ್ರೆ ದಬ್ಬೆಗೆ ಬಗ್ಗಲಿಲ್ಲ ಅಂತ ನೀನು ಇವತ್ತು ಇಳಿದ್ರೆ ನಾಳೆ ನಾನೂ ಮೂಲೇಲಿ ಬಟ್ಟೆ ಮಡಿಸ್ತಾ ಕೂರಬೇಕು."

ಅದೇ ದಿನ ಮೇಸ್ತ್ರಿ ಬಂದ. ಇಟ್ಟಿಗೆಯಿಂದ ಇಟ್ಟಿಗೆಗೆ ಕಾಲಿಟ್ಟು, ಪ್ಯಾಂಟು ಮೊಣಕಾಲಿಗೆ ಏರಿಸಿ, ಬೈಯುತ್ತಲೇ ಬಂದ.

"ಏನಯ್ಯಾ ಇದು ನಾಟಕ? ಫೋನ್ ಮಾಡಿ ಮಾಡಿ ಕಚೇರಿ ತಲೆ ಕೆಡಿಸಿದ್ದೀರಿ. ತಗೋ, ಆದೇಶ ಆಗಿದೆ. ಕೆಳಗಿನ ಬೀದಿ, ಮೊದಲನೇ ಗುಂಡಿ. ಕೆಲಸಗಾರ ಯಾರು ಗೊತ್ತಾ? ನೀನೇ."

"ಆಗಲ್ಲ ಮೇಸ್ತ್ರಿ. ಇವತ್ತು ನಾನು ರಜೆ ಹಾಕಿದ್ದೀನಿ. ಇವತ್ತು ನಾನು ದೂರುದಾರ." ದೊರೆ ಇಸ್ತ್ರಿ ಅಂಗಿ ತೊಟ್ಟು ಮಂಚದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. "ಏನ್ರೀ, ನಿಮಗೆ ಹೇಳೋರು ಕೇಳೋರು ಯಾರೂ ಇಲ್ವಾ?"

ಮೇಸ್ತ್ರಿಯ ಮುಖ ಇಂಗು ತಿಂದ ಮಂಗನಂತಾಯಿತು. ಬೇರೆಯವರನ್ನು ಕರೆದ. ಬೇರೆಯವರೂ ದೂರುದಾರರೇ. ಕೆಲಸದಿಂದ ತೆಗೆಸ್ತೀನಿ ಎಂದ. "ತೆಗೆಸಿ. ಆಮೇಲೆ ಯಾರನ್ನ ಇಳಿಸ್ತೀರಿ? ನಿಮ್ಮ ಭಾವಮೈದುನನ್ನ?" ಎಂದ ದೊರೆ. ಮೇಸ್ತ್ರಿ ಕಾಲಿಗೆ ಬುದ್ಧಿ ಹೇಳಿದ. ಒಂದು ಇಟ್ಟಿಗೆ ತಪ್ಪಿ ಒಂದು ಕಾಲು ಮುಳುಗಿತು. ಅದನ್ನು ನೋಡಿ ಬೀದಿಗೆ ಆದ ಸಂತೋಷವನ್ನು ಬರೆದು ತೀರದು.

ಕಚೇರಿಯಲ್ಲಿ ಇದು ಒಳಸಂಚು, ದೂರೆಲ್ಲ ಸುಳ್ಳು, ಚುಕ್ಕೆಗಳನ್ನು ಅಳಿಸಿ ಎಂದು ಅಧಿಕಾರಿ ಡೇಟಾ ಮೇಡಂಗೆ ಹೇಳಿದರಂತೆ. ಅವಳು ಅಳಿಸಲಿಲ್ಲ. ಬದಲಿಗೆ ಬಂದು ಬೀದಿಯಲ್ಲಿ ನಿಂತಳು. ಬಿಳಿ ಶೂ ತೊಟ್ಟು ಬಂದವಳು ಹೋಗುವಾಗ ಅವನ್ನು ಕೈಯಲ್ಲಿ ಹಿಡಿದುಕೊಂಡು ಹೋದಳು.

ಅಷ್ಟಾದರೂ ಗಾಡಿ ಬರುತ್ತಿತ್ತೋ ಇಲ್ಲವೋ. ಆದರೆ ಕೊಳಚೆಗೆ ಮೇಲು ಕೀಳು ತಿಳಿಯದು. ಕೆಳಗೆ ದಾರಿ ಸಿಗದೆ ಹೂಳು ಕೊಳವೆಯುದ್ದಕ್ಕೂ ಹಿಂದಕ್ಕೆ ಕಟ್ಟುತ್ತ ಹೋಯಿತು, ಕೊಳಚೆ ಅದರ ಹಿಂದೆಯೇ ಏರಿತು. ಅಂಗಡಿ ಬೀದಿ ದಾಟಿ, ಶಾಲೆ ದಾಟಿ, ಮೇಲಿನ ಬಡಾವಣೆಯ ಹೊಳೆಯುವ ಬಚ್ಚಲುಗಳಲ್ಲಿ ಗುಳುಗುಳು ಅಂದಿತು. ಅಲ್ಲಿ ಕಾಯಂ ಆಗಿ ನಿಂತಿದ್ದ ಗಾಡಿ ಅಲ್ಲಿಂದ ಎಷ್ಟು ಹೀರಿದರೂ ಮುಗಿಯಲಿಲ್ಲ. ಕಟ್ಟಿದ್ದು ಕೆಳಗೆ. ಕೊನೆಗೊಂದು ಮಧ್ಯಾಹ್ನ ಸಕ್ಕಿಂಗ್ ಗಾಡಿ ಕೆಳಗಿನ ಬೀದಿಗೆ ಬಂತು.

ಹಿಂದೆ ಜೀಪಿನಲ್ಲಿ ಅಧಿಕಾರಿ, ಮೇಸ್ತ್ರಿ, ಡೇಟಾ ಮೇಡಂ. ಬೀದಿಯೆಲ್ಲ ಬಾಗಿಲಿಗೆ ಬಂತು. ಚಾಲಕ ಗಾಡಿಯಿಂದ ಇಳಿದು ಗುಂಡಿಗೆ ಇಣುಕಿ ನೋಡಿದ. ತಲೆ ಕೆರೆದ.

"ಪೈಪು ಮೂಲೆಗೆ ಸರಿಯಾಗಿ ಕೂರಬೇಕು ಸಾರ್. ಮೇಲಿಂದ ಬಿಟ್ರೆ ಹೊತ್ತಾಗುತ್ತೆ. ಒಬ್ಬರು ಇಳಿದು ಹಿಡ್ಕೊಂಡ್ರೆ ಬೇಗ ಆಗುತ್ತೆ."

ಎಲ್ಲರ ಕಣ್ಣೂ ದೊರೆಯ ಮೇಲೆ.

ಅಧಿಕಾರಿ ಮೊದಲ ಸಲ ಅವನ ಹೆಗಲ ಮೇಲೆ ಕೈಯಿಟ್ಟರು. ಕರವಸ್ತ್ರ ಸುತ್ತಿದ ಕೈ. "ನೋಡಪ್ಪಾ, ಕೇಳಿದ್ದು ಕೊಟ್ಟಿದ್ದೀವಿ. ಗಾಡಿ ಬಂದಿದೆ. ಇದೊಂದು ಸಲ ಇಳಿದು ಪೈಪು ಹಿಡಿ. ಐದು ನಿಮಿಷದ ಕೆಲಸ."

ದೊರೆ ಗುಂಡಿಯನ್ನು ನೋಡಿದ. ಅಣ್ಣನನ್ನು ಎಳೆದು ಮಲಗಿಸಿದ ಅಂಚು ಅದೇ. ಅಣ್ಣನ ಬಾಯಿಯಿಂದ ಹೂಳು ತೆಗೆದದ್ದು ಇದೇ ಬೆರಳು. ಒಂದು ತಮಾಷೆಯ ಮಾತಿಗಾಗಿ ತಡಕಾಡಿದ. ಸಿಗಲಿಲ್ಲ. ಜೀವಮಾನವಿಡೀ ಕೈಕೊಡದ ನಗು ಅವತ್ತು ಕೈಕೊಟ್ಟಿತು.

"ಇಳಿಯಲ್ಲ," ಎಂದ.

"ಏನಂದೆ?"

"ಇಳಿಯಲ್ಲ. ನಾನೂ ಇಳಿಯಲ್ಲ, ಈ ಬೀದಿಯವರು ಯಾರೂ ಇಳಿಯಲ್ಲ. ಇವತ್ತಲ್ಲ, ಯಾವತ್ತೂ. ಬೇಗ ಆಗ್ಬೇಕಾದ್ರೆ ನೀವು ಇಳೀರಿ."

ಅಧಿಕಾರಿಯ ಕೈ ಹೆಗಲಿನಿಂದ ಜಾರಿತು. ಮೇಸ್ತ್ರಿ ಕೈ ಎತ್ತಿಕೊಂಡು ಮುಂದೆ ಬಂದ. ಬೀದಿಯ ಗಂಡಸರೂ ಒಂದು ಹೆಜ್ಜೆ ಮುಂದೆ ಬಂದರು. ಮೇಸ್ತ್ರಿ ಎತ್ತಿದ ಕೈಯಿಂದ ತನ್ನ ತಲೆಯನ್ನೇ ನೇವರಿಸಿಕೊಂಡ. ಡೇಟಾ ಮೇಡಂ ಅಧಿಕಾರಿಗೆ ಮೆಲ್ಲಗೆ ಹೇಳಿದಳು: "ಹೊತ್ತಾದರೆ ಆಗಲಿ ಸಾರ್."

ಚಾಲಕ ಮೇಲಿನಿಂದಲೇ ಶುರುಮಾಡಿದ. ಪೈಪಿಗೆ ಹಗ್ಗ ಕಟ್ಟಿ ಇಳಿಬಿಟ್ಟ. ತಪ್ಪಿತು. ಎಳೆದ. ಮತ್ತೆ ಬಿಟ್ಟ. ಮೇಸ್ತ್ರಿ ಮುಖ ಸಿಂಡರಿಸಿ ಒದ್ದಾಡುತ್ತ ಹಗ್ಗದ ಇನ್ನೊಂದು ತುದಿ ಹಿಡಿದ. ಮೈಮೇಲೆಲ್ಲ ಸಿಡಿಯಿತು. ಹುಟ್ಟಿದಾಗಿನಿಂದ ಚರಂಡಿ ಬಾಚಿದ ಜನ ಅವತ್ತು ಕೈಕಟ್ಟಿ ಸುತ್ತ ನಿಂತರು. ಯಾರೋ ಮೂಗಿಗೆ ಬಟ್ಟೆ ಹಿಡಿದರು. ಎಲ್ಲರೂ ಹಿಡಿದರು. "ಸ್ವಲ್ಪ ಸರಿಯಾಗಿ ಮಾಡ್ರಪ್ಪಾ, ಮನೇಲಿ ಮಕ್ಕಳಿದ್ದಾರೆ," ಎಂದಳು ದೊರೆಯ ಹೆಂಡತಿ. "ಮಾಡಿದ ಮೇಲೆ ಗೇಟಿನ ಹತ್ರ ನಿಲ್ಲಿ, ಕುಡಿಯೋಕೆ ನೀರು ಮೇಲಿಂದ ಹುಯ್ತೀನಿ," ಎಂದ ಮುದುಕ, ಮೇಲಿನ ಬಡಾವಣೆಯವರ ದನಿಯಲ್ಲಿ. ದೊರೆಯ ನಗು ಮರಳಿ ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಪೈಪಿಗೆ ಕಟ್ಟಿದ ಹಗ್ಗದ ಕಡೆ ನೋಡಿದ. ಇಷ್ಟೇ ಆಗಿತ್ತಲ್ಲ. ಒಂದು ಹಗ್ಗ, ಒಂದಿಷ್ಟು ಹೊತ್ತು. ಅಣ್ಣ ಸಾಯಬೇಕಾಗಿರಲಿಲ್ಲ.

ಕೊನೆಗೆ ಪೈಪು ಕೂತಿತು. ಗಾಡಿ ಗುಡುಗಿತು. ಹೊಸ್ತಿಲುಗಳಿಂದ ಕೊಳಚೆ ಇಳಿಯತೊಡಗಿತು.

ಅಣ್ಣನ ಮನೆಯ ಮೆಟ್ಟಿಲ ಮೇಲೆ ಅತ್ತಿಗೆ ಕೂತಿದ್ದಳು. ಎಲ್ಲರೂ ದೂರು ಕೊಟ್ಟಾಗ ಅವಳು ಕೊಟ್ಟಿರಲಿಲ್ಲ. ಈಗ ದೊರೆಯ ಕಡೆ ಕೈ ಚಾಚಿದಳು.

"ಫೋನ್ ಕೊಡಪ್ಪಾ. ಆ ನಂಬರು ಹಾಕಿಕೊಡು."

ದೊರೆ ಹಾಕಿಕೊಟ್ಟ. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದ. ಆ ಕಡೆಯ ಹುಡುಗಿ ಎತ್ತಿಕೊಂಡಳು.

"ಕೆಳಗಿನ ಬೀದಿಯಿಂದ ಮಾತಾಡ್ತಿದ್ದೀನಿ," ಎಂದಳು ಅತ್ತಿಗೆ.

"ಅಮ್ಮಾ, ಗಾಡಿ ಬಂದಿದೆಯಲ್ಲ. ಇನ್ನೂ ಕಟ್ಟಿಕೊಂಡಿದೆಯಾ?"

"ಚರಂಡಿ ವಿಷಯ ಅಲ್ಲ. ನನ್ನ ಗಂಡ ಗುಂಡಿಗೆ ಇಳಿದ. ಉಸಿರು ಕಟ್ಟಿತು."

ಆ ಕಡೆ ಕುರ್ಚಿ ಸರಿದ ಸದ್ದು. "ಅಯ್ಯೋ! ಯಾವ ಗುಂಡಿ? ಈಗಲೇ ಆಂಬುಲೆನ್ಸ್ ಕಳಿಸ್ತೀನಿ. ಎಷ್ಟು ಹೊತ್ತಾಯ್ತು?"

"ಹೋದ ಮಳೆಗಾಲ."

ಕುರ್ಚಿ ಮತ್ತೆ ಸರಿದ ಸದ್ದು. "ಅಮ್ಮಾ, ಹಳೇ ದೂರು ತಗೊಳ್ಳೋಕೆ ಬರಲ್ಲ."

"ಹಳೇದಲ್ಲ. ಇವತ್ತೇ ಮೊದಲ ಸಲ ಕೊಡ್ತಿದ್ದೀನಿ."

"ಯಾವುದರಲ್ಲಿ ಹಾಕಲಮ್ಮಾ? ಇಲ್ಲಿ ಚರಂಡಿ, ನೀರು, ಕಸ, ಬೀದಿ ದೀಪ ಇಷ್ಟೇ ಇರೋದು."

"ಯಾವುದರಲ್ಲಾದ್ರೂ ಹಾಕು. ಎಲ್ಲಾದ್ರೂ ಒಂದು ಕಡೆ ಅವನು ಇರಲಿ."

ಅಧಿಕಾರಿ ಏನೋ ಹೇಳಲು ಬಾಯಿ ತೆರೆದರು. ಡೇಟಾ ಮೇಡಂ ಅವರ ಕಡೆ ನೋಡಿದಳು. ಅವರು ಜೀಪಿನ ಕಡೆ ಸರಿದರು.

"ಹೆಸರು ಹೇಳಿ," ಎಂದಳು ಆ ಕಡೆಯ ಹುಡುಗಿ.

ಅತ್ತಿಗೆ ಹೇಳಿದಳು.

"ಕೇಳಿಸ್ತಿಲ್ಲಮ್ಮಾ. ಅಲ್ಲಿ ಗಾಡಿ ಸದ್ದು ಜೋರಿದೆ."

"ಆರಿಸೋ!" ದೊರೆ ಚಾಲಕನ ಕಡೆ ತಿರುಗಿ ಚೀರಿದ. ಅಷ್ಟು ದೊಡ್ಡ ದನಿ ತನ್ನಲ್ಲಿದೆ ಎಂದು ಅವನಿಗೇ ಗೊತ್ತಿರಲಿಲ್ಲ. ಗಾಡಿ ನಿಂತಿತು. ಅತ್ತಿಗೆ ಮೆಟ್ಟಿಲಿನಿಂದ ಎದ್ದು ನಿಂತಳು. ಗಂಡನ ಹೆಸರನ್ನು ಮತ್ತೆ ಹೇಳಿದಳು, ಒಂದೊಂದೇ ಅಕ್ಷರ ಬಿಡಿಸಿ, ಬರೆದುಕೊಳ್ಳುವವರು ತಪ್ಪದಷ್ಟು ನಿಧಾನವಾಗಿ.